ಪುಟ್ಟಚನ್ನಮ್ಮನ ಮುಖಕ್ಕೆ ರಾಣಿ ಬಣ್ಣ

ಸೂಜಿ ಚುಚ್ಚಬೇಡಿ ಅಂತ ನಮ್ಮ ಮನೆ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಕುದಿಯುವ ನೀರು ಬೇಡ, ಸೀಮೆಎಣ್ಣೆ ಬೇಡ, ಸ್ಟ್ಯಾಂಪ್ ಪ್ಯಾಡಿನ ಮಸಿ ಬೇಡ, ಬಾಯಲ್ಲಿಟ್ಟು ಊದುವುದು ಬೇಡ ಅಂತಲೂ ಬರೆದಿದ್ದೇನೆ. ಓದಿದವರು ಯಾರು? ಬರುವವರೆಲ್ಲ ಆ ಹಾಳೆಯ ಮುಂದೆಯೇ ನಿಂತು, ನೀಲಿ ತುಟಿ ಒರೆಸಿಕೊಳ್ಳುತ್ತ, "ಇಂಕಕ್ಕ, ನಾನೇನೂ ಮಾಡ್ಲಿಲ್ಲ, ಅದಾಗೇ ಕಟ್ಕೊಂಡುಬಿಟ್ಟಿದೆ" ಅನ್ನುತ್ತಾರೆ.

ನನ್ನ ಹೆಸರು ಜಲಜಾಕ್ಷಿ. ಇಂಕಕ್ಕ ಅನ್ನೋದು ಊರು ಇಟ್ಟ ಹೆಸರು. ಪ್ರಿಂಟರಿನ ಕಾಟ್ರಿಜ್‌ಗೆ ಇಂಕು ತುಂಬುವುದು, ಕಟ್ಟಿಕೊಂಡದ್ದನ್ನು ಬಿಡಿಸುವುದು ನನಗೆ ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ನಮ್ಮ ಮನೆಯದೇ ಮೂರು ಕಾಟ್ರಿಜ್ ಬಿಚ್ಚಿ ಹಾಳು ಮಾಡಿ, ನಾಲ್ಕನೆಯದನ್ನು ಸರಿ ಮಾಡಿದೆ. ಅವತ್ತಿನಿಂದ ಊರಿನ ತಾಪತ್ರಯವೆಲ್ಲ ನನ್ನ ತಲೆಗೆ ಬಂತು.

ನಮ್ಮೂರಲ್ಲಿ ಸತ್ತವರ ಫೋಟೊ ಒಂದು ವರ್ಷ ಮಾತ್ರ ನಿಲ್ಲುತ್ತದೆ. ಹಿರಿಯರ ಹಬ್ಬದ ಅಮಾವಾಸ್ಯೆಯ ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಮೇಲಿನ ಅಜ್ಜ, ಅಜ್ಜಿ, ದೊಡ್ಡಪ್ಪ ಎಲ್ಲರೂ ಬಿಳೀ ಹಾಳೆ. ಕಟ್ಟು ಇದೆ, ಗಾಜು ಇದೆ, ಒಣಗಿದ ಹಾರ ಇದೆ, ಮುಖ ಇಲ್ಲ. ಹಿಂದಿನ ದಿನವೇ ಹೊಸದು ತೆಗೆದಿಟ್ಟುಕೊಂಡರೆ ಅದೂ ಬೆಳಗಾಗುವಷ್ಟರಲ್ಲಿ ಬಿಳಿ. ಮಧ್ಯಾಹ್ನ ಹನ್ನೆರಡಕ್ಕೆ ಎಡೆ ಇಡುವುದರೊಳಗೆ ಆ ಮನೆಯಲ್ಲೇ, ಆ ಮನೆಯ ಪ್ರಿಂಟರಿನಲ್ಲೇ, ಆ ಮನೆಯ ಕಾಟ್ರಿಜ್‌ನಲ್ಲೇ ಮತ್ತೆ ತೆಗೆಯಬೇಕು. ಒಂದು ಮುಖಕ್ಕೆ ವರ್ಷಕ್ಕೆ ಒಂದೇ ಹಾಳೆ, ಎರಡನೆಯದು ಖಾಲಿ ಬರುತ್ತದೆ. ಒಂದು ವರ್ಷ ತಪ್ಪಿತು ಅಂದರೆ ಕಂಪ್ಯೂಟರಿನೊಳಗಿನ ಚಿತ್ರವೂ ಬೆಳ್ಳಗಾಗುತ್ತದೆ, ಮೊಬೈಲಿನೊಳಗಿನದೂ. ಆಮೇಲೆ ಆ ಮುಖ ಎಲ್ಲೂ ಸಿಗುವುದಿಲ್ಲ. ಪ್ರಿಂಟರ್ ಬರುವುದಕ್ಕೆ ಮುಂಚೆ ಏನು ಮಾಡುತ್ತಿದ್ದರು ಅಂತ ಕೇಳಬೇಡಿ. ಚಿತ್ರ ಬರೆಯುವವರಿದ್ದರು, ಅವರ ಗೋಳು ಅವರಿಗೆ.

ಪಕ್ಕದ ಮನೆಯ ಕಾಟ್ರಿಜ್ ಈಸಿಕೊಂಡರೆ ಆಗಲ್ವಾ ಅಂತ ಬುದ್ಧಿವಂತರು ಕೇಳುತ್ತಾರೆ. ಹಾಗೆ ಈಸಿಕೊಂಡ ಒಂದು ಮನೆಯಲ್ಲಿ ಯಜಮಾನರ ಅಪ್ಪನ ಮುಖಕ್ಕೆ ಪಕ್ಕದ ಮನೆ ಅತ್ತೆಯ ಮೂಗು ಬಂತು, ನತ್ತಿನ ಸಮೇತ. ವರ್ಷವಿಡೀ ಆ ನತ್ತಿಗೇ ಕೈ ಮುಗಿದರು ಪಾಪ.

ಹೀಗಿದ್ದ ಮೇಲೆ ಪ್ರಿಂಟರನ್ನು ಹೇಗೆ ನೋಡಿಕೊಳ್ಳಬೇಕು? ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ನಮ್ಮ ಜನ ವರ್ಷಕ್ಕೆ ಒಂದೇ ದಿನ ಅದರ ಮುಖ ನೋಡುತ್ತಾರೆ. ಉಳಿದ ದಿನ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಡುತ್ತಾರೆ. ಇಂಕು ಒಣಗದೆ ಏನು ಮಾಡೀತು? ಕಾಟ್ರಿಜ್‌ನ ತಳದಲ್ಲಿರುವ ತೂತುಗಳು ಕೂದಲಿಗಿಂತ ಸಣ್ಣ. ಒಂದೆರಡು ತಿಂಗಳು ಸುಮ್ಮನೆ ಬಿಟ್ಟರೆ ಇಂಕು ಅಲ್ಲೇ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಗಣೇಶನ ಹಬ್ಬ ಕಳೆದ ತಕ್ಷಣ ನಾನು ಬೀದಿ ಬೀದಿಯಲ್ಲಿ ಹೇಳಿಕೊಂಡು ಬರುತ್ತೇನೆ, ಈಗಲೇ ತನ್ನಿ, ನಿಧಾನವಾಗಿ ನೆನೆಸಿ ಬಿಡಿಸೋಣ ಅಂತ. "ಆಯ್ತು ಇಂಕಕ್ಕ, ಹಬ್ಬ ಇನ್ನೂ ದೂರ ಇದೆ" ಅನ್ನುತ್ತಾರೆ. ಅಮಾವಾಸ್ಯೆ ದಿನ ಬೆಳಗ್ಗೆ ಆರಕ್ಕೆ ಬಾಗಿಲ ಮುಂದೆ ಸಾಲು.

ಈ ಸಲವೂ ಹಾಗೇ ಆಯಿತು. ಆರಕ್ಕೆ ಬಂದ ಹೆಂಗಸು ಬಿಸಿ ಹಬೆಗೆ ಬಿಡುತ್ತದೆ ಅಂತ ಯಾರದೋ ಮಾತು ಕೇಳಿ ಕಾಟ್ರಿಜನ್ನು ಇಡ್ಲಿ ಪಾತ್ರೆಯ ಮೇಲಿನ ತಟ್ಟೆಯಲ್ಲಿಟ್ಟು ಬೇಯಿಸಿದ್ದಳು. ಬರೀ ಅದೊಂದನ್ನೇ ಬೇಯಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೆಳಗಿನ ತಟ್ಟೆಗಳಲ್ಲಿ ಇಡ್ಲಿಗಳೂ ಇದ್ದವು. "ಗ್ಯಾಸ್ ಯಾಕೆ ದಂಡ ಮಾಡೋದು ಅಂತ" ಅಂದಳು. ಇಡ್ಲಿಗಳು ಕೃಷ್ಣನ ಬಣ್ಣಕ್ಕೆ ತಿರುಗಿದ್ದವಂತೆ. ಅದನ್ನು ಹೇಗೋ ಸರಿ ಮಾಡಿ ಕಳಿಸಿದೆ. ಹತ್ತೂವರೆಯವರೆಗೆ ಇಂಥವೇ ಹದಿನಾಲ್ಕು. ಕುಡಿಯಲು ಕಾಫಿ ಇಟ್ಟುಕೊಂಡಿದ್ದೆ, ಸಿರಿಂಜನ್ನು ಅದರಲ್ಲೇ ಅದ್ದಿ ತೊಳೆದುಬಿಟ್ಟೆ, ಅಷ್ಟು ತಲೆ ಕೆಟ್ಟಿತ್ತು. ಆಗ ಫೋನು ಬಂತು.

"ಇಂಕಕ್ಕ, ನಾನು ವನಜ, ನೀರುಗಂಟಿ ತಿಮ್ಮಯ್ಯನೋರ ಮಗಳು. ಅಪ್ಪ ಕಾಟ್ರಿಜ್ ಕೊಡ್ತಿಲ್ಲ."

"ಕೊಡ್ತಿಲ್ಲ ಅಂದ್ರೆ ಏನವ್ವ?"

"ಟವಲಲ್ಲಿ ಸುತ್ಕೊಂಡು ಕೈಲಿ ಹಿಡ್ಕೊಂಡು ಕೂತವ್ರೆ. ಕೇಳಿದ್ರೆ ಬಯ್ತಾರೆ. ಅಮ್ಮಂದು ಮೊದಲನೇ ವರ್ಷ ಕಣಕ್ಕ. ಬೇಗ ಬಾ."

ತಿಮ್ಮಯ್ಯಣ್ಣ ಮೂವತ್ತನಾಲ್ಕು ವರ್ಷ ಊರಿಗೆ ನಲ್ಲಿ ನೀರು ಬಿಟ್ಟವರು. ಅವರ ಹೆಂಡತಿ ಪುಟ್ಟಚನ್ನಮ್ಮ ಯುಗಾದಿಯ ಹಿಂದೆಮುಂದೆ ಜ್ವರ ಬಂದು ಒಂದೇ ವಾರಕ್ಕೆ ಹೋಗಿಬಿಟ್ಟರು. ಎದುರಾದಾಗಲೆಲ್ಲ "ಏನೇ ಇಂಕು, ಮೈ ಇಳಿದುಹೋಗಿದೀಯಲ್ಲ" ಅನ್ನುತ್ತಿದ್ದವರು. ನಾನು ಯಾವತ್ತೂ ಇಳಿದವಳಲ್ಲ, ಆದರೂ ಕೇಳಲು ಚೆನ್ನಾಗಿರುತ್ತಿತ್ತು. ಸಾಲಿನಲ್ಲಿದ್ದ ಮಿಕ್ಕವರಿಗೆ ಬೆಚ್ಚಗಿನ ನೀರಲ್ಲಿ ತಳ ಮಾತ್ರ ಮುಳುಗಿಸಿಟ್ಟುಕೊಂಡು ಕೂತಿರಿ, ಬಣ್ಣ ಬಿಟ್ಟ ಕೂಡಲೇ ನನಗೆ ಕಾಯದೆ ಮನೆಗೆ ಓಡಿ ಅಂತ ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ.

ನಡುಮನೆಯಲ್ಲಿ ಎಲೆ ಹಾಕಿತ್ತು. ಕಜ್ಜಾಯ, ವಡೆ, ಕೋಳಿ ಸಾರು ಎಲ್ಲ ಪಾತ್ರೆಗಳಲ್ಲಿ ಮುಚ್ಚಿಟ್ಟಿದ್ದವು. ಹೊಸ ಸೀರೆ, ಬಳೆ, ವೀಳ್ಯದೆಲೆ ಮೊರದಲ್ಲಿದ್ದವು. ಗೋಡೆಯ ಮೇಲೆ ಎರಡು ಕಟ್ಟುಗಳು, ಎರಡೂ ಬಿಳಿ. ಹೊಸ ಕಟ್ಟು ಪುಟ್ಟಚನ್ನಮ್ಮನದು, ತೀರಿಕೊಂಡಾಗ ಪೇಟೆಯ ಸ್ಟುಡಿಯೋದಲ್ಲಿ ಮಾಡಿಸಿದ್ದು, ಇವತ್ತು ಬೆಳಗ್ಗೆ ಬಿಳಿಯಾದದ್ದು. ಹಳೇ ಕಟ್ಟು ತಿಮ್ಮಯ್ಯಣ್ಣನ ಅಪ್ಪನದು, ಬಿಳಿಯಾಗಿ ಇಪ್ಪತ್ತಾರು ವರ್ಷ. ಆ ವರ್ಷ ಅಮಾವಾಸ್ಯೆ ದಿನವೇ ಊರಿನ ದೊಡ್ಡ ಪೈಪು ಒಡೆದು, ಇವರು ಸೊಂಟದುದ್ದ ಕೆಸರಿನಲ್ಲಿ ನಿಂತಿದ್ದಾಗ ಹನ್ನೆರಡು ದಾಟಿಹೋಗಿತ್ತು.

ವನಜ ಏಳು ತಿಂಗಳ ಬಸುರಿ. ಬಾಗಿಲಿಗೆ ಒರಗಿ ನಿಂತಿದ್ದಳು. ತಿಮ್ಮಯ್ಯಣ್ಣ ಪ್ರಿಂಟರ್ ಮುಂದೆ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಟವಲಿನ ಗಂಟು ಇಟ್ಟುಕೊಂಡು ಕೂತಿದ್ದರು.

"ಬಾಮ್ಮ ಜಲಜಾಕ್ಷಿ. ಕಂಪ್ಯೂಟರ್ ಒಳಗೆ ಅದೇನೋ ಒತ್ತುತೀಯಲ್ಲ, ಒತ್ತು. ಇಂಕು ನಾನೇ ತುಂಬಿದ್ದೀನಿ."

"ಒತ್ತೋಕೆ ಕಾಟ್ರಿಜ್ ಪ್ರಿಂಟರ್ ಒಳಗಿರಬೇಕಲ್ಲ ತಿಮ್ಮಯ್ಯಣ್ಣ. ಅದು ನಿಮ್ಮ ಟವಲಲ್ಲಿದೆ."

"ಹಾಕಿ ನೋಡ್ದೆ. ಹಳದಿ ಬರ್ತದೆ, ನೀಲಿ ಬರ್ತದೆ. ರಾಣಿ ಬಣ್ಣ ಬರಲ್ಲ."

"ಕಟ್ಕೊಂಡಿದೆ. ಕೊಡಿ, ಬಿಡಿಸ್ತೀನಿ."

"ಮೇಲಿಂದ ಬಿಡಿಸು. ತಳ ಮುಟ್ಟಂಗಿಲ್ಲ."

ನನಗೆ ಬಂದ ಸಿಟ್ಟು ಹೇಳತೀರದು. ತಳದಲ್ಲಿ ಕಟ್ಟಿಕೊಂಡದ್ದನ್ನು ತಳ ಮುಟ್ಟದೆ ಬಿಡಿಸುವುದು, ಬಾಯಿ ತೆರೆಯದೆ ಹಲ್ಲು ಕೀಳಿಸಿಕೊಂಡ ಹಾಗೆ. "ಅಲ್ಲಾ, ಅದು ಹೇಗೆ ಆಗುತ್ತೆ ಹೇಳಿ?"

"ಹೆಂಗೆ ಅಂದ್ರೆ? ಪೈಪು ಕಟ್ಕೊಂಡ್ರೆ ಮೇಲಿಂದ ಜೋರಾಗಿ ನೀರು ಬಿಟ್ರೆ ಆಯ್ತು. ಮೂವತ್ನಾಲ್ಕು ವರ್ಷ ಮಾಡಿದ್ದೀನಿ, ನೀನು ನಂಗೆ ಹೇಳ್ಕೊಡ್ತೀಯಾ?"

"ಆ ಜೋರಿಗೆ ಎಷ್ಟು ಪೈಪು ಒಡೆದ್ರಿ, ಅದನ್ನೂ ಹೇಳಿ."

ವನಜ ಸೆರಗು ಬಾಯಿಗೆ ಒತ್ತಿಕೊಂಡಳು. ತಿಮ್ಮಯ್ಯಣ್ಣ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ನಾನೂ ನೋಡಿದೆ. ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಚೀಲ ಕೆಳಗಿಟ್ಟು ನೆಲದ ಮೇಲೆ ಕೂತೆ. "ಕೊಡೋದು ಬೇಡ. ತೋರಿಸಿ ಸಾಕು. ನೋಡದೆ ನಾನೇನು ಹೇಳಲಿ?" ಅಂದೆ.

ತಿಮ್ಮಯ್ಯಣ್ಣ ಟವಲು ಬಿಡಿಸಿದರು. ಕಾಟ್ರಿಜನ್ನು ಬುಡಮೇಲು ಮಾಡಿ ಅಂಗೈ ಮೇಲೆ ಇಟ್ಟುಕೊಂಡರು.

ತಳದ ಆ ಪುಟ್ಟ ತಗಡಿನ ಮೇಲೆ, ಅರ್ಧ ತಗಡಿಗೆ ಅರ್ಧ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡು, ಒಂದು ಹೆಬ್ಬೆಟ್ಟಿನ ಗುರುತು. ಎಣ್ಣೆಯಲ್ಲಿ ಕಲಸಿದ ಕುಂಕುಮ. ಒಣಗಿ, ಗಟ್ಟಿಯಾಗಿ, ಬೆರಳಿನ ಗೆರೆಗಳೆಲ್ಲ ಅಚ್ಚುಹಾಕಿದ ಹಾಗೆ ನಿಂತಿದ್ದವು. ಗೆರೆಗಳ ನಡುವೆ ಅಡ್ಡಡ್ಡ ಒಂದು ಬಿಳಿ ಸೀಳು.

"ಈಳಿಗೆಮಣೆ ಕುಯ್ದಿದ್ದು," ಅಂದರು ತಿಮ್ಮಯ್ಯಣ್ಣ. "ನಮ್ಮ ಮದುವೆಯಾದ ಮೊದಲನೇ ತಿಂಗಳು. ಹಲಸಿನಕಾಯಿ ಹೆಚ್ಚೋಕೆ ಹೋಗಿ."

ಹೋದ ವರ್ಷದ ಆಯುಧಪೂಜೆಯ ದಿನ ಪುಟ್ಟಚನ್ನಮ್ಮ ಮನೆಯ ಯಂತ್ರಗಳಿಗೆಲ್ಲ ಪೂಜೆ ಮಾಡಿದ್ದರು. ಎಲ್ಲರೂ ಪ್ರಿಂಟರಿನ ನೆತ್ತಿಗೆ ಕುಂಕುಮ ಇಟ್ಟು ಸುಮ್ಮನಾಗುತ್ತಾರೆ. ಈಯಮ್ಮ ಯಾವತ್ತೂ ಅರ್ಧಂಬರ್ಧ ಕೆಲಸ ಮಾಡಿದವರಲ್ಲ. ಕೆಲಸ ಮಾಡೋದು ಒಳಗಿರೋದು, ಪೂಜೆ ಮಾತ್ರ ಮೇಲಿರೋದಕ್ಕಾ ಅಂತ, ಮುಚ್ಚಳ ತೆಗೆದು, ಕಾಟ್ರಿಜ್ ಈಚೆಗೆ ಎಳೆದು, ಇಂಕು ಬರುವ ಬಾಯಿಗೇ ಸರಿಯಾಗಿ ಹೆಬ್ಬೆಟ್ಟು ಒತ್ತಿದ್ದಾರೆ. ಆಮೇಲೆ ಯಾರೂ ಅದನ್ನು ತೆಗೆದು ನೋಡಿಲ್ಲ. ನನ್ನ ಬಾಗಿಲಿನ ಹಾಳೆಯಲ್ಲಿ ಹದಿನೆಂಟು ಬೇಡಗಳಿವೆ. ಕುಂಕುಮ ಬೇಡ ಅಂತ ಬರೆಯಬೇಕು ಅನ್ನೋದು ನನಗೆ ಹೊಳೆದಿರಲಿಲ್ಲ.

"ಮಿಕ್ಕಿದ್ದೆಲ್ಲ ಒರೆಸಿಬಿಟ್ರು," ಅಂದರು. "ಮಿಕ್ಸಿ ಮೇಲಿತ್ತು. ಹೊಲಿಗೆ ಮಿಷನ್ ಮೇಲಿತ್ತು. ನನ್ನ ಸೈಕಲ್ ಹ್ಯಾಂಡಲ್ ಮೇಲಿತ್ತು. ವಾಲ್ವಿನ ಕೀಲಿ ಮೇಲೂ ಇತ್ತು. ಸೂತಕ ಕಳೀತು ಅಂತ ಮನೆ ತೊಳ್ದಾಗ ಒಂದೂ ಬಿಡ್ಲಿಲ್ಲ."

"ನಾನೇ ಒರೆಸಿದ್ದು," ಅಂದಳು ವನಜ ಸಣ್ಣ ದನಿಯಲ್ಲಿ. "ನಂಗೇನು ಗೊತ್ತಿತ್ತಪ್ಪ? ನೀನು ಒಂದು ಮಾತು ಹೇಳ್ಲಿಲ್ಲ."

"ನಂಗೂ ಆಗ ಗೊತ್ತಿರಲಿಲ್ಲ. ನಿನ್ನೆ ಇಂಕು ತುಂಬಿ, ಕೆಳಗೆ ಸೋರ್ತದಾ ಅಂತ ತಿರುಗಿಸಿ ನೋಡ್ದೆ. ಅವಳ ಬೆರಳು."

ಚೀಲದ ಬಾಯಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದೆ.

ವನಜ ಹತ್ತಿರ ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತಳು. "ಮೊಬೈಲಲ್ಲಿ ಅದರದೊಂದು ಫೋಟೊ ತಗೊಂಡುಬಿಡ್ತೀನಿ. ಆಮೇಲೆ ಒರೆಸೋಣ."

"ಫೋಟೊ ನೆಚ್ಕೊಂಡು ಏನಾಯ್ತು ಅಂತ ಅಲ್ನೋಡು," ಅಂತ ತಿಮ್ಮಯ್ಯಣ್ಣ ಹಳೇ ಬಿಳೀ ಕಟ್ಟಿನ ಕಡೆ ಗಲ್ಲ ಎತ್ತಿದರು. "ಇದು ಒಂದು ವರ್ಷವಾಗ್ತಾ ಬಂತು, ಹಂಗೇ ಇದೆ. ಅಮಾವಾಸ್ಯೆ ಇದನ್ನ ಮುಟ್ಟಿಲ್ಲ. ಇದು ಫೋಟೊ ಅಲ್ಲ ಕಣೇ, ಇದು ಅವಳೇ."

"ಹಂಗಾದ್ರೆ ಮುಖ? ಮುಖ ಬ್ಯಾಡ್ವಾ?"

"ಮುಖ ನನ್ನ ತಲೇಲಿದೆ."

"ನಿನ್ನ ತಲೇಲಿರೋದನ್ನ ನನ್ನ ಮಗೀಗೆ ಹೆಂಗೆ ತೋರಿಸ್ಲಿ? ಬುರುಡೆ ಬಿಚ್ಚಿ ತೋರಿಸ್ಲಾ?"

"ನಿನ್ನ ಮುಖ ನೋಡ್ಕೊಳ್ಳಲಿ ಬಿಡು. ನೀನು ಅವಳ ಮಗಳಲ್ವಾ?"

"ನಾನು ನಿನ್ನ ಹಂಗಿದ್ದೀನಿ ಅಂತ ಊರೆಲ್ಲ ಹೇಳ್ತದೆ, ಮೂಗಿನ ಸಮೇತ!" ವನಜ ಹಳೇ ಕಟ್ಟಿನ ಕಡೆ ಕೈ ತೋರಿಸಿದಳು. "ಆ ಕಟ್ಟಲ್ಲಿ ತಾತ ಇದ್ರಂತೆ. ಚಿಕ್ಕವಳಿದ್ದಾಗಿಂದ ಪ್ರತಿ ವರ್ಷ ಬಿಳೀ ಹಾಳೆಗೆ ಅಡ್ಡಬಿದ್ದಿದ್ದೀನಿ. ತಾತ ಹೆಂಗಿದ್ರು ಅಂದ್ರೆ, ಚೆನ್ನಾಗಿದ್ದ ಅಂತೀಯ. ಅಷ್ಟೇ. ನಾಳೆ ನನ್ನ ಮಗು ಅಜ್ಜಿ ಹೆಂಗಿದ್ಲು ಅಂತ ಕೇಳಿದ್ರೆ ಕಾಟ್ರಿಜ್ ತೋರಿಸ್ಲಾ?"

ಹನ್ನೊಂದೂ ಕಾಲು. ತಿಮ್ಮಯ್ಯಣ್ಣನ ಕೈಯಲ್ಲಿದ್ದ ಕಾಟ್ರಿಜ್‌ನಿಂದ ಹಳದಿ ಹನಿಯೊಂದು ಇಳಿದು ಮಣಿಕಟ್ಟಿನ ಹತ್ತಿರ ನಿಂತಿತ್ತು. ವನಜ ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕೂತಳು. ಅಪ್ಪ ಮಗಳು ಇಬ್ಬರೂ ನನ್ನ ಮುಖ ನೋಡಿದರು. ನಾನೇನು ನ್ಯಾಯ ಹೇಳುವ ಪಟೇಲಳೇ? ನಾನು ಇಂಕು ತುಂಬುವವಳು. ನಮ್ಮ ಮನೆಯ ಬಾಗಿಲಲ್ಲಿ ಇನ್ನೂ ಆರು ಜನ ಬೆಚ್ಚಗಿನ ನೀರಿನ ಬಟ್ಟಲು ಹಿಡಿದುಕೊಂಡು ಕೂತಿದ್ದರು, ಅವರದೆಲ್ಲ ಬಿಟ್ಟು ಹೊತ್ತಿಗೆ ಸರಿಯಾಗಿ ಮನೆ ಸೇರಿದರು ಅಂತ ನನಗೆ ಗೊತ್ತಾದದ್ದು ಆಮೇಲೆ. ಆ ಕುಂಕುಮದ ಕೆಳಗೆ ರಾಣಿ ಬಣ್ಣದ ಸಾಲು ಪೂರ್ತಿ ಮುಚ್ಚಿಹೋಗಿದೆ, ಒರೆಸದೆ ಒಂದು ಹನಿಯೂ ಬರುವುದಿಲ್ಲ, ಅದಂತೂ ಖಂಡಿತ. ಹಳದಿ ನೀಲಿ ಎರಡರಲ್ಲೇ ತೆಗೆದರೆ ಹಾಳೆಯ ಮೇಲೆ ಪಾಚಿ ಬಣ್ಣದ ನೆರಳು ಬರುತ್ತದೆಯೇ ಹೊರತು ಮುಖ ಬರುವುದಿಲ್ಲ, ಅದನ್ನೂ ನೋಡಿದ್ದೇನೆ.

ಕೊನೆಗೆ ರೇಗಿಯೇ ಅಂದೆ, ಸಮಾಧಾನ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. "ತಿಮ್ಮಯ್ಯಣ್ಣ, ಒಂದು ಮಾತು ಕೇಳ್ತೀನಿ. ಅಕ್ಕ ಪೂಜೆ ಮಾಡಿದ್ದು ಯಾಕೆ? ಈ ಯಂತ್ರ ಓಡ್ಲಿ ಅಂತ ತಾನೆ? ನಿಲ್ಲಲಿ ಅಂತಲ್ಲವಲ್ಲ? ಅವರು ಈಗ ಇಲ್ಲಿದ್ದು, ತಾವೇ ಕುಂಕುಮ ಒತ್ತಿದ್ದರಿಂದ ಯಂತ್ರ ನಿಂತುಹೋಗಿದೆ ಅಂತ ಗೊತ್ತಾಗಿದ್ರೆ ಏನ್ಮಾಡ್ತಿದ್ರು ಹೇಳಿ."

ಅವರು ಆ ಗುರುತನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. ಆಮೇಲೆ ಮೂಗಿನೊಳಗೇ ಒಂಥರಾ ನಕ್ಕರು. "ಏನ್ಮಾಡ್ತಿದ್ಲು? ನಾನೇ ಮುಟ್ಟಿ ಕೆಡಿಸಿದ್ದು ಅಂತ ನನ್ನ ಮೇಲೆ ಹಾಕ್ತಿದ್ಲು. ಸೆರಗಲ್ಲಿ ಒರೆಸಿ ಒಳಕ್ಕೆ ಹಾಕ್ತಿದ್ಲು."

"ಮತ್ತೆ?"

"ನೀನು ಬ್ಯಾಡ. ನಾನೇ ಒರೆಸ್ತೀನಿ."

ವನಜ ಎದ್ದು ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟಳು. ಬಟ್ಟೆ ಕೊಟ್ಟರೆ ತಿಮ್ಮಯ್ಯಣ್ಣ ತೆಗೆದುಕೊಳ್ಳಲಿಲ್ಲ. ಬಲಗೈ ಹೆಬ್ಬೆರಳನ್ನು ನೀರಲ್ಲಿ ಅದ್ದಿ, ಆ ಗುರುತಿನ ಮೇಲೆ ಸರಿಯಾಗಿ ಇಟ್ಟು, ಒತ್ತಿ ಹಿಡಿದರು. ಉಜ್ಜಲಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದರು. ಎಣ್ಣೆ ಬಿಡುವುದಕ್ಕೆ ಹೊತ್ತು ಹಿಡಿಯುತ್ತದೆ, ನಾನು ಅವಸರ ಮಾಡಲಿಲ್ಲ, ಒಳಗೊಳಗೇ ಹಲ್ಲು ಕಡಿದೆ. ಮತ್ತೆ ಅದ್ದಿದರು, ಮತ್ತೆ ಇಟ್ಟರು. ಐದಾರು ಸಲ ಆದ ಮೇಲೆ ಗೆರೆಗಳು ಕಲಸಿಹೋದವು, ಆ ಬಿಳೀ ಸೀಳೂ ಮುಚ್ಚಿಹೋಯಿತು. ಬೆರಳು ಎತ್ತಿದರೆ ಒಳಗೆ ತಡೆದು ನಿಂತಿದ್ದ ಇಂಕು ಒಮ್ಮೆಲೇ ನುಗ್ಗಿ ಬಂತು. ಯಜಮಾನರು ಮೇಲಿಂದ ಜೋರಾಗಿಯೇ ತುಂಬಿದ್ದರಲ್ಲ! ಹೆಬ್ಬೆರಳಿನಿಂದ ಅಂಗೈಯ ಬುಡದವರೆಗೂ ಕೆಂಪು.

"ಸಾಕು, ಈಗ ಕೊಡಿ" ಅಂತ ಕಿತ್ತುಕೊಂಡೆ. ಒದ್ದೆ ಹತ್ತಿಬಟ್ಟೆಯ ಮೇಲೆ ತಳ ಊರಿ ಹಿಡಿದೆ, ಹಳದಿ ಬಂತು, ನೀಲಿ ಬಂತು, ಪಕ್ಕದಲ್ಲಿ ರಾಣಿ ಬಣ್ಣ ಸಣ್ಣಗೆ ಕಂಡಿತು. ಅದರ ಬೆನ್ನಿನ ತಾಮ್ರದ ಪಟ್ಟಿ ಒರೆಸಿ ಪ್ರಿಂಟರ್ ಒಳಗೆ ಹಾಕಿದೆ. ತೊಳೆಯುವ ಗುಂಡಿ ಒತ್ತಿ ಒಂದು ಪರೀಕ್ಷೆಯ ಹಾಳೆ ತೆಗೆದೆ, ಇಂಕು ನುಗ್ಗಿದ ರಭಸಕ್ಕೆ ಒಳಗೆ ಗಾಳಿ ಸೇರಿಕೊಂಡಿತ್ತೇನೋ, ರಾಣಿ ಬಣ್ಣದ ಜಾಗ ಖಾಲಿ. ಎರಡನೇ ಸಲ ತೊಳೆದೆ, ಮೂರು ತುಂಡು ಗೆರೆ. ಮೂರನೇ ಸಲಕ್ಕೂ ಅಷ್ಟೇ. ಗಡಿಯಾರದಲ್ಲಿ ಹನ್ನೊಂದು ಐವತ್ತೊಂದು. ಮುಖದ ಹಾಳೆ ನಿಧಾನ, ಪೂರ್ತಿ ಬರಲು ಆರು ನಿಮಿಷ ಬೇಕು.

"ಇನ್ನೊಂದು ಸಲ ತೊಳೆದ್ರೆ ಹೊತ್ತು ಸಾಲಲ್ಲ. ಈಗ ಹಾಕಿದ್ರೆ ಹೇಗೆ ಬರುತ್ತೋ ಹಾಗೆ. ಒಂದೇ ಹಾಳೆ. ಏನು ಮಾಡಲಿ?"

ವನಜ ಅಪ್ಪನ ಕಡೆ ನೋಡಿದಳು. "ಹಾಕು," ಅಂದರು ತಿಮ್ಮಯ್ಯಣ್ಣ. "ಹೊತ್ತು ಮೀರಿಸಿ ಒಂದು ಸಲ ಕೆಟ್ಟಿದ್ದೀನಿ."

ಒತ್ತಿದೆ. ಕಿರಿಕಿರಿ ಅಂತ ಹಾಳೆ ಒಳಗೆಳೆದುಕೊಂಡಿತು. ಬೈತಲೆ ಬಂತು, ಹಸಿರು ಮಿಶ್ರಿತ ಕಪ್ಪು. ಹಣೆ ಬಂತು, ಮಾವಿನಕಾಯಿ ಬಣ್ಣ. ನಾನು ಅರ್ಧ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ವನಜ "ಅಯ್ಯೋ" ಅನ್ನುವುದು ಕೇಳಿಸಿತು. ಹುಬ್ಬು ಬಂತು, ಕಣ್ಣುಗಳು ಬಂದವು, ಎಲ್ಲಾ ಕಹಿ ಕುಡಿದವರ ಹಾಗೆ. ಆಮೇಲೆ ಪ್ರಿಂಟರಿನ ಸದ್ದು ಬದಲಾಯಿತೋ, ನನಗೆ ಹಾಗನ್ನಿಸಿತೋ, ಕಣ್ಣು ಬಿಟ್ಟರೆ ಮೂಗಿನ ತುದಿಯಲ್ಲಿ ಒಂದಿಷ್ಟು ಕೆಂಪು. ಓಡುತ್ತ ಓಡುತ್ತ ತೂತುಗಳು ಬಿಡುತ್ತಿದ್ದವು. ಕೆನ್ನೆಗೆ ಬರುವಷ್ಟರಲ್ಲಿ ರಾಣಿ ಬಣ್ಣ ಧಾರಾಳವಾಗಿ ಬಂತು, ತುಟಿಗೆ ಹೆಚ್ಚೇ ಬಂತು, ಸೀರೆಯ ಅಂಚು ಮದುವೆ ಮನೆಯ ಹಾಗೆ ಹೊಳೆಯಿತು. ಹಾಳೆ ಈಚೆ ಬಿದ್ದಾಗ ಹನ್ನೆರಡಕ್ಕೆ ಎರಡು ನಿಮಿಷ.

ಹಣೆಯಿಂದ ಮೂಗಿನವರೆಗೆ ಕಾಯಿಲೆಯವರು, ಮೂಗಿನಿಂದ ಕೆಳಗೆ ಹೊಸ ಮದುವಣಗಿತ್ತಿ. ಇದು ನನ್ನ ಕೈಕೆಲಸ, ಮನೆಗೆ ಬಂದವರೆಲ್ಲ ವರ್ಷವಿಡೀ ನೋಡುತ್ತಾರೆ. ನನಗೆ ನಾಚಿಕೆಯಾಯಿತು. "ಬೈಬೇಡ ವನಜ," ಅಂದೆ.

ವನಜ ಬಯ್ಯಲಿಲ್ಲ. ಅಳುತ್ತ ನಗುತ್ತಿದ್ದಳು. ತಿಮ್ಮಯ್ಯಣ್ಣ ಎಡಗೈಯಲ್ಲಿ ಹಾಳೆ ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದರು. "ಹಿಂಗೇ ಇದ್ಲು," ಅಂದರು. "ಮೇಲೆಲ್ಲ ಕೋಪ. ಕೆಳಗೆ ನಗು. ನಲವತ್ತು ವರ್ಷ ಯಾವುದನ್ನ ನಂಬೋದು ಅಂತ ಗೊತ್ತಾಗ್ಲೇ ಇಲ್ಲ."

ಹಾಳೆ ಕಟ್ಟಿನೊಳಗೆ ಹೋಯಿತು, ಹಾರ ಬಿತ್ತು. ವನಜ ಪಾತ್ರೆಗಳ ಮುಚ್ಚಳ ತೆಗೆದಳು. "ಅಪ್ಪ, ಕೈ ತೊಳ್ಕೊಂಡು ಬಾ, ಬಡಿಸು."

ಅವರು ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ನಿಲ್ಲಿಸಿದ ಸದ್ದೂ ಕೇಳಿಸಿತು. ಬಂದಾಗ ಕೈಯ ನಾಲ್ಕು ಬೆರಳು ಒದ್ದೆ, ಹೆಬ್ಬೆರಳು ಒಣ. ಅದೊಂದನ್ನು ಗಾಯವಾದವರ ಹಾಗೆ ಮೇಲೆತ್ತಿ ಹಿಡಿದು, ಮಿಕ್ಕ ನಾಲ್ಕರಲ್ಲಿ ಅನ್ನ ಬಡಿಸಿದರು. ಅರ್ಧ ಎಲೆಗೆ ಬಿತ್ತು, ಅರ್ಧ ನೆಲಕ್ಕೆ. ವನಜ ಏನೋ ಹೇಳಲು ಹೋದವಳು ನನ್ನ ಮುಖ ನೋಡಿ, ಎಲೆಯನ್ನು ಅವರ ಕೈ ಕೆಳಗೆ ಸರಿಸಿದಳು.

ಬಡಿಸಿ ಮುಗಿಸಿ ತಿಮ್ಮಯ್ಯಣ್ಣ ನನ್ನ ಹತ್ತಿರ ಬಂದರು. ದನಿ ತಗ್ಗಿಸಿ, ಹೆಬ್ಬೆರಳು ತೋರಿಸಿ ಕೇಳಿದರು, "ಇದು ಎಷ್ಟು ದಿನ ಇರ್ತದಮ್ಮ?"

ಕುಂಕುಮವೆಲ್ಲ ಅದ್ದಿ ಅದ್ದಿ ತಟ್ಟೆಯ ನೀರಿಗೇ ಹೋಗಿತ್ತು, ಆ ನೀರನ್ನು ವನಜ ಆಗಲೇ ತುಳಸಿ ಬುಡಕ್ಕೆ ಚೆಲ್ಲಿ ಬಂದಿದ್ದಳು. ಬೆರಳ ಮೇಲಿದ್ದದ್ದು ಇಂಕು, ನನ್ನ ಚೀಲದಲ್ಲಿರುವ ಸೀಸೆಯದೇ ಬಣ್ಣ. ನನಗೆ ಆ ಬಣ್ಣ ಚೆನ್ನಾಗಿ ಗೊತ್ತು. ಎಲ್ಲರಿಗೂ ತಪ್ಪು ತೋರಿಸಿ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ.

"ಸೋಪು ಹಾಕದಿದ್ರೆ ಹತ್ತು ದಿನ ಇರುತ್ತೆ ಅಣ್ಣ," ಅಂದೆ.